ಕೊನೆಗೆ ಕರೆಯುವ ಹೆಸರು

ನವೆಂಬರ್ 2, ಭಾನುವಾರ

ಪಾರಂಪರಿಕ ನಡಿಗೆಗೆ ಇವತ್ತು ಮೂರು ಜನ. ಕಳೆದ ವಾರ ಐದು. ಹೀಗೇ ಸಾಗಿದರೆ ಸಂಕ್ರಾಂತಿಯ ಹೊತ್ತಿಗೆ ನಾನೇ ನನಗೆ ಕೋಟೆ ತೋರಿಸಿಕೊಂಡು ಬರಬೇಕು. ಮೂವರಲ್ಲಿ ಒಬ್ಬ ನನ್ನ ಷಡ್ಡಕ — ಬರದಿದ್ದರೆ ಮನೆಯಲ್ಲಿ ಬಿಡುವುದಿಲ್ಲ. ಇನ್ನೊಬ್ಬರು ಡಾಕ್ಟರ ಅಪ್ಪಣೆಯ ಮೇಲೆ ನಡೆಯುವ ಶುಗರ್ ಪೇಷಂಟ್. ಮೂರನೆಯವರು ಬಳ್ಳಾರಿ ಬಸ್ ತಪ್ಪಿಸಿಕೊಂಡವರು.

ದೆಹಲಿಯಲ್ಲಿ ಮಾಡುತ್ತಾರೆ, ಬೆಂಗಳೂರಿನಲ್ಲಿ ಮಾಡುತ್ತಾರೆ. ಮಹಾನಗರ ರಾಯದುರ್ಗಕ್ಕೇನು ಕಡಿಮೆ? ಬೆಟ್ಟವಿದೆ, ಕೋಟೆಯಿದೆ, ಗುಪ್ತ ಇತಿಹಾಸವಿದೆ. ಎಷ್ಟು ಗುಪ್ತವೆಂದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ನಾನು ಸೇರಿಸುತ್ತೇನೆ. ವರ್ಷಗಟ್ಟಲೆ ಪೇಪರಿಗೆ ಹಾಸ್ಯದ ಅಂಕಣ ಬರೆದವನಿಗೆ ಒಂದು ಹಳೇ ಗೋಡೆ ಕೊಟ್ಟರೆ ಸಾಕು, ರಾಣಿಯನ್ನು ನಾನೇ ತರುತ್ತೇನೆ.

ಇವತ್ತು ಕೋಟೆ ಓಣಿ. ಒಂದು ಮನೆಯಲ್ಲಿ ಜೀನ್ಸಿನ ಜೇಬು ಹೊಲಿಯುತ್ತಾರೆ, ಪಕ್ಕದಲ್ಲಿ ಜಿಪ್ಪು, ಎದುರು ಮನೆಯಲ್ಲಿ ಕಾಲು. ಇಡೀ ಓಣಿ ಒಟ್ಟುಗೂಡಿದರೆ ಒಂದು ಪ್ಯಾಂಟು. ರಸ್ತೆ ಅಗಲ ಮಾಡಲು ಎಡಸಾಲಿನ ಗೋಡೆಗಳ ಮೇಲೆಲ್ಲ ಕೆಂಪು ಗೀಟು ಬಿದ್ದಿದೆ. ಹೆಚ್ಚಿನವರು ಆಗಲೇ ಖಾಲಿ ಮಾಡಿದ್ದಾರೆ.

ಗಿಡ್ಡ ಹೊಸ್ತಿಲಿನ ಒಂದು ಮನೆಯ ಮುಂದೆ ನಿಂತು ಪಾಳೇಗಾರನ ಆನೆ ಇಲ್ಲೇ ಮಂಡಿಯೂರಿತ್ತು ಎಂದು ಹೇಳುತ್ತಿದ್ದೆ (ಆನೆ ನನ್ನದೇ). ಒಳಗಿನಿಂದ ಒಬ್ಬ ಮುದುಕಿ ಬಂದಳು.

“ಹಿಸ್ಟರಿ ಹೇಳೋರು ನೀವೇ ಏನ್ರಿ?”

ಹೌದೆಂದೆ. ಎದೆ ಸ್ವಲ್ಪ ಉಬ್ಬಿತು.

“ನಮ್ಮನಿದೊಂದು ಹೆಸರು ಕಳದೈತ್ರಿ. ಹುಡುಕಿ ಕೊಡ್ರಿ.”

ಷಡ್ಡಕ ನಕ್ಕ. ಆಕೆ ನಗಲಿಲ್ಲ.

ನವೆಂಬರ್ 4, ಮಂಗಳವಾರ

ಹೋಗಿದ್ದೆ. ಮುದುಕಿಯ ಹೆಸರು ಪಂಪಮ್ಮ. ಮಗ ಗಂಗರಾಜು, ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ರೈಲ್ವೆ ಗೇಟಿನಾಚೆಯ ಹೊಸ ಕಾಲನಿಯಲ್ಲಿ ಮನೆ ಸಿಕ್ಕಿದೆ, ಕೀಲಿಕೈ ಕೈಯಲ್ಲಿದೆ. ಪಂಪಮ್ಮ ಏಳುತ್ತಿಲ್ಲ.

ಕಾರಣ ಕೇಳಿದೆ. ಈ ಓಣಿಯವರದೊಂದು ಪದ್ಧತಿಯಂತೆ. ಮನೆ ಬಿಡುವಾಗ ಹಿರಿಯ ಹೆಂಗಸು ಒಲೆಯ ಕೆಂಡವನ್ನು ಗಡಿಗೆಗೆ ತುಂಬಿಕೊಂಡು ಹೊಸ್ತಿಲಾಚೆ ನಿಲ್ಲಬೇಕು. ಆ ಮನೆಯಲ್ಲಿ ತೀರಿಕೊಂಡವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು: ಬರ್ರಿ, ಹೊಸ ಮನಿಗೆ ಹೋಗೂಣು. ಪ್ರತಿ ಹೆಸರಿಗೂ ಎಲ್ಲಿಂದಾದರೂ ಒಂದು ಸದ್ದು ಬರಬೇಕು. ಹಲ್ಲಿ ಲೊಚಗುಟ್ಟಿದರೂ ಸರಿ, ಪಾತ್ರೆ ಉರುಳಿದರೂ ಸರಿ. ಅದು ಓಗೊಟ್ಟಂತೆ. ಕರೆದವರು ಬರುತ್ತಾರೆ, ಕರೆಯದವರು ಅಲ್ಲೇ ಉಳಿಯುತ್ತಾರೆ.

“ಎಲ್ಲಾರ ಹೆಸರೂ ನನಗ ಬರ್ತಾವ್ರಿ, ಒಂದು ಬಿಟ್ಟು,” ಎಂದಳು. ಅತ್ತೆ ನೀಲಮ್ಮ ಪ್ರತಿ ಅಮಾವಾಸ್ಯೆ ದೀಪ ಹಚ್ಚಿ ಎಲ್ಲರ ಹೆಸರು ಹೇಳುತ್ತಿದ್ದಳಂತೆ. ಕೊನೆಗೆ ಒಂದು ಗಳಿಗೆ ಸುಮ್ಮನಿದ್ದು, ‘ಮತ್ತ ನೀನೂ’ ಅನ್ನುತ್ತಿದ್ದಳಂತೆ. “ಯಾರತ್ತಿ ಅದು ಅಂತ ಒಂದ್ಸಲ ಕೇಳಿದ್ನಿರಿ. ಸುಮ್ನಿರು ಅಂದ್ರು. ಹೆಸರು ಮರ್ತಾರ ಅಂದ್ಕಂಡೆ.” ನೀಲಮ್ಮ ಕಳೆದ ಶಿವರಾತ್ರಿಗೆ ತೀರಿಕೊಂಡಳು, ನೂರರ ಹತ್ತಿರ ಹತ್ತಿರ.

ನೀವೂ ‘ನೀನೂ ಬಾ’ ಎಂದು ಕರೆದುಬಿಡಿ ಎಂದೆ. ಸಮಸ್ಯೆ ಬಗೆಹರಿಸಿದ ಗತ್ತಿನಲ್ಲಿ.

“ಬರೇ ನೀನು ಅಂದ್ರ ಓಣ್ಯಾಗಿನ ನಾಯಿನೂ ಬರತೈತ್ರಿ. ಹೆಸರು ಬೇಕು.” ಆಮೇಲೆ ಮೆಲ್ಲಗೆ: “ಒಂದು ಜೀವ ಒಳಗ ಬಿಟ್ಟು ಮ್ಯಾಲೆ ಜೆಸಿಬಿ ಹಾಯಿಸ್ಲೇನ್ರಿ?”

ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಮನೆಗೆ ಬಂದು ಹೇಳಿದರೆ ಉಷಾರಾಣಿ ಶಾಲೆಯ ಪೇಪರು ತಿದ್ದುತ್ತ, “ಹಂಗ ನನ್ನ ಛತ್ರಿನೂ ಹುಡುಕ್ರಿ, ಹೋದ ಮಳಿಗಾಲದಾಗ ಕಳದೈತಿ,” ಎಂದಳು. ಮೂವತ್ತು ವರ್ಷದ ದಾಂಪತ್ಯ.

ನವೆಂಬರ್ 6, ಗುರುವಾರ

ಶೋಧ. ಪೇಟೆ ಓಣಿ, ಬೆಟ್ಟದ ಬುಡದ ಸಾಲು, ಹಳೇ ಬಾವಿಯ ಹಿಂದಿನ ಗಲ್ಲಿ.

ಮೊದಲ ಸಾಕ್ಷಿ ದೊಡ್ಡಮಲ್ಲಪ್ಪ. ಭೈರವಾನಿತಿಪ್ಪ ಡ್ಯಾಮಿನಲ್ಲಿ ಗೇಟು ಎತ್ತಿ ಇಳಿಸಿ ರಿಟೈರಾದವರು. ಈಗ ಟೀ ಹೋಟೆಲಿನ ಬೆಂಚಿನಲ್ಲಿ ಕೂತು ಮಾತಿನ ಗೇಟು ಎತ್ತುತ್ತಾರೆ, ಇಳಿಸುವುದಿಲ್ಲ. ಮೊದಲ ಟೀಗೆ ಆ ಮನೆಯಲ್ಲಿರುವವನು ಒಬ್ಬ ಕಹಳೆಯವನಾಗಿದ್ದ. ಎರಡನೆಯದಕ್ಕೆ ಬಾವಿಗೆ ಬಿದ್ದ ಸೊಸೆಯಾದ. ಮೂರನೆಯದಕ್ಕೆ ಬ್ರಿಟಿಷ್ ದೊರೆಯ ಕುದುರೆಯಾಗುವುದರಲ್ಲಿತ್ತು, ಎದ್ದು ಬಂದೆ.

ಆದರೆ ಒಂದು ವಿಚಿತ್ರ. ಯಾರನ್ನು ಕೇಳಿದರೂ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ. ಹೋಟೆಲಿನ ರಾಮಾಂಜಿನೇಯ ಚಿಲ್ಲರೆ ಎಣಿಸುವುದು ಬಿಟ್ಟು, “ನಮ್ಮ ಹಿತ್ತಲಾಗೂ ಒಬ್ರು ಅದಾರಂತ ನಮ್ಮಜ್ಜಿ ಹೇಳ್ತಿದ್ಲು ಸರ, ಯಾರಂತ ಕೇಳ್ಲೇ ಇಲ್ಲ ನೋಡ್ರಿ ನಾವು,” ಎಂದ. ಗಲ್ಲಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಹೆಂಗಸು, “ನಿಮಗ ಪುಣ್ಯ ಬರ್ಲಿ, ನಮ್ಮದೂ ಒಂದು ಹುಡುಕ್ರಿ,” ಎಂದಳು.

ನಾನು ಆನೆ, ರಾಣಿ ಎಂದು ಸೇರಿಸುತ್ತಿದ್ದೆ. ಊರು ತನ್ನ ಪಾಡಿಗೆ ತುಂಬಿಯೇ ಇತ್ತು. ಕರೆಯದೆ ಉಳಿದವರು ಮನೆಗೊಬ್ಬರು.

ಬರುವಾಗ ಬೆಟ್ಟದ ನೆರಳು ಓಣಿಗೆ ಇಳಿದಿತ್ತು. ಸುಮ್ಮನೆ ವೇಗವಾಗಿ ನಡೆದೆ. ಶುಗರ್ ಇಲ್ಲದಿದ್ದರೂ.

ನವೆಂಬರ್ 9, ಭಾನುವಾರ

ನಡಿಗೆಗೆ ಯಾರೂ ಬರಲಿಲ್ಲ. ಷಡ್ಡಕನಿಗೂ ಜ್ವರ. ಇತಿಹಾಸ ಮತ್ತು ನಾನು, ಇಬ್ಬರೇ.

ಪಂಪಮ್ಮನ ಮನೆಯ ಸಾಮಾನೆಲ್ಲ ಮೂಟೆಯಾಗಿದೆ. ಒಲೆ ಮಾತ್ರ ಉರಿಯುತ್ತಿದೆ. ಗಂಗರಾಜು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದ.

“ಸರ, ಯಾವದಾರ ಒಂದು ಹೆಸರು ಹೇಳ್ರಿ. ಬುಧವಾರ ಟೆಂಪೋ ಬರತೈತಿ. ಆಮ್ಯಾಲೆ ಎಂದಾರ ಬಂದು ಕೆಡವ್ತಾರ. ಅವ್ವ ಒಳಗ ಕುಂತಿದ್ರ ಏನ್ ಮಾಡ್ಲಿ?”

“ಸುಳ್ಳು ಹೇಳೋದೇ?”

“ವಾರಕ್ಕ ನಾಕು ಹೆಸರು ಹುಟ್ಟಸ್ತೀರಿ ಪೇಪರಿನ್ಯಾಗ. ನಮ್ಮವ್ವಗ ಒಂದು ಹುಟ್ಸಾಕ ಏನ್ ಕಷ್ಟ ನಿಮಗ?”

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಹೊಗಳಿಕೆಯೆಂದೇ ತೆಗೆದುಕೊಂಡೆ. ಒಳಗೆ ಹೋಗಿ, ದೊಡ್ಡಮಲ್ಲಪ್ಪನವರಿಗೆ ನೆನಪಿದೆಯಂತೆ ಎಂದು ಶುರು ಮಾಡಿದೆ. ನೀಲಮ್ಮನ ಗಂಡನ ಅಕ್ಕ. ಚಿಕ್ಕವಯಸ್ಸಿನಲ್ಲೇ ವಿಧವೆ. ಯಾರೊಂದಿಗೂ ಮಾತಾಡದವಳು. ಹೆಸರು ಗಿರಿಜವ್ವ.

ಗಿರಿಜವ್ವ ಎಲ್ಲಿಂದ ಬಂದಳೋ. ನಾಲಿಗೆಯ ತುದಿಯಲ್ಲಿ ಕೂತಿದ್ದಳು, ಎದ್ದು ಬಂದಳು.

ಪಂಪಮ್ಮ ಉಪ್ಪು ನೋಡುವವಳ ಹಾಗೆ ಹೆಸರನ್ನು ಬಾಯಲ್ಲಿ ಇಟ್ಟುಕೊಂಡಳು. “ಗಿರಿಜವ್ವ… ಗಿರಿಜವ್ವ…” ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ನೋಡಿದೆ.

“ಆತು ಬಿಡ್ರಿ,” ಎಂದಳು. “ಬುಧವಾರ ನೀವೂ ಬರ್ರಿ.”

ನವೆಂಬರ್ 12, ಬುಧವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತು. ಟೆಂಪೋ ತುಂಬಿತ್ತು. ಬಲಸಾಲಿನ ಮನೆಗಳಲ್ಲೆಲ್ಲ ಮಷಿನ್ನುಗಳು ಗರಗರ ಎನ್ನುತ್ತಿದ್ದವು. ಪಂಪಮ್ಮ ಕೆಂಡದ ಗಡಿಗೆ ಹಿಡಿದು, ಹೊಸ್ತಿಲಾಚೆ ಬೀದಿಯಲ್ಲಿ ನಿಂತು, ಮನೆಯೊಳಕ್ಕೆ ಮುಖ ಮಾಡಿ ಕರೆದಳು.

“ವೀರಪ್ಪಜ್ಜಾ, ಬರ್ರಿ, ಹೊಸ ಮನಿಗೆ ಹೋಗೂಣು.” ಎದುರು ಮನೆಯ ಮಷಿನ್ನು ಕಟಕಟಕಟ. ಬಂದಂತೆ. “ಸಣ್ಣ ಬಸವಾ, ಬಾರಪಾ.” ಟೆಂಪೋದ ಹಾರ್ನು. ಬಂದಂತೆ. ಇಂಥ ಗದ್ದಲದ ಓಣಿಯಲ್ಲಿ ಸತ್ತವರಿಗೆ ಓಗೊಡಲು ಕಷ್ಟವೇ ಇಲ್ಲ ಎಂದು ಮನಸ್ಸಿನಲ್ಲಿ ನಕ್ಕೆ. ಅಂಕಣಕ್ಕೆ ಒಳ್ಳೆಯ ಸಾಲು ಎಂದೂ ಅನ್ನಿಸಿತು. “ನೀಲಮ್ಮತ್ತಿ, ಬರ್ರಿ.” ಕಾಗೆ ಕೂಗಿತು. ಪಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಒಂದು ಗಳಿಗೆ ಸುಮ್ಮನಿದ್ದಳು. “ಗಿರಿಜವ್ವಾ, ಬರ್ರಿ, ಹೊಸ ಮನಿಗೆ…”

ಕರೆಂಟು ಹೋಯಿತು.

ಇಡೀ ಓಣಿ ಒಂದೇ ಸಲಕ್ಕೆ ನಿಂತಿತು. ಜೇಬು, ಜಿಪ್ಪು, ಕಾಲು, ಎಲ್ಲ. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೇನೆ, ಹಾಗೆ ನಿಶ್ಶಬ್ದವಾದದ್ದು ಕೇಳಿಲ್ಲ. ಖಾಲಿ ಮನೆಯ ಬಾಗಿಲು ತೆರೆದಿತ್ತು. ಒಳಗಿನ ಕತ್ತಲು ನಮ್ಮ ಕಡೆಗೇ ನೋಡುತ್ತಿತ್ತು. ಹೀಗೆ ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ. ಆದರೆ ನೋಡುತ್ತಿತ್ತು.

ಪಂಪಮ್ಮ ಕಾದಳು. ಹಲ್ಲಿಯೂ ಇಲ್ಲ, ಕಾಗೆಯೂ ಇಲ್ಲ.

“ಕರೆಂಟು ಹೋಗೈತಿ, ಅಷ್ಟೇಬೇ ಅವ್ವ,” ಎಂದ ಗಂಗರಾಜು. ಹತ್ತಿಸಿ ಕರೆದೊಯ್ದ. ಟೆಂಪೋ ತಿರುಗುವವರೆಗೂ ಆಕೆ ಹಿಂದಕ್ಕೆ ನೋಡುತ್ತಿದ್ದಳು.

ನವೆಂಬರ್ 13, ಗುರುವಾರ

ಅಂಕಣ ಬರೆಯಲು ಕೂತೆ. ತಲೆಬರಹದ ಆಚೆ ಹೋಗಲಿಲ್ಲ. ಫ್ಯಾನಿನ ಸದ್ದು ನಿಂತರೆ ಎದ್ದು ಅಂಗಳಕ್ಕೆ ಹೋಗುತ್ತೇನೆ.

ನವೆಂಬರ್ 15, ಶನಿವಾರ

ಗಂಗರಾಜುವಿನ ಫೋನು. ಹೊಸ ಮನೆಯಲ್ಲಿ ಒಲೆ ಹೊತ್ತಿಸಿದ್ದಾರೆ, ಅವ್ವ ಉಣ್ಣುತ್ತಿಲ್ಲ. ಬೆಳಗಾದರೆ ಆಟೋ ಹಿಡಿದು ಕೋಟೆ ಓಣಿಗೆ ಬಂದು, ಹಳೇ ಮನೆಯ ಎದುರು ಜಗಲಿಯ ಮೇಲೆ ಕೂರುತ್ತಾಳೆ. ಒಳಗಿರುವವರು ಹೆದರಬಾರದಂತೆ.

“ಸರ, ಇನ್ನೊಂದು ಹೆಸರು ಹೇಳ್ರಿ.”

ಉಷಾ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

“ಪೇಪರಿಗೆ ಬರೆಯೋ ಸುಳ್ಳು ರದ್ದಿಗೆ ಹೋಗತೈತ್ರಿ. ಇದು ಎಲ್ಲಿಗೆ ಹೋಗಬೇಕು?”

ಚಪ್ಪಲಿ ಮೆಟ್ಟಿ ದೊಡ್ಡಮಲ್ಲಪ್ಪನ ಬೆಂಚಿಗೆ ಹೋದೆ. ಈ ಸಲ ಟೀ ಇಲ್ಲ, ಕುದುರೆ ಇಲ್ಲ, ನಿಜ ಹೇಳಿ ಎಂದೆ. ನನ್ನ ಮುಖ ನೋಡಿ ಅವರೂ ಗೇಟು ಇಳಿಸಿದರು. “ನನಗ ಗೊತ್ತಿಲ್ರಿ. ಎದುರು ಮನಿ ನರಸಕ್ಕಗ ಗೊತ್ತಿರಬೌದು. ಆ ಓಣ್ಯಾಗ ಹುಟ್ಟಿದಾಕಿ. ಮಡಕಶಿರಾ ಕಡಿ ಅಗಳಿಗೆ ಕೊಟ್ರು. ಜೀವಂತ ಅದಾಳಂತ.”

ನವೆಂಬರ್ 17, ಸೋಮವಾರ. ಅಗಳಿ, ಸಂಜೆ

ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಅಲ್ಲಿಂದ ಆಟೋ. ಆಂಧ್ರದಲ್ಲಿ ಹೊರಟು, ಕರ್ನಾಟಕ ದಾಟಿ, ಮತ್ತೆ ಆಂಧ್ರಕ್ಕೇ ಬಂದಿಳಿದೆ. ಸೊಂಟ ಯಾವ ರಾಜ್ಯದಲ್ಲಿ ಹೋಯಿತೋ.

ನರಸಕ್ಕನಿಗೆ ತೊಂಬತ್ತರ ಸುಮಾರು. ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಮೊಮ್ಮಗಳು ಸಂಧ್ಯಾ ಕಿವಿಯ ಹತ್ತಿರ ಕೂಗಿ ಹೇಳಿದಳು: “ಅಜ್ಜೀ, ನಿನ್ ತೌರೂರಿಂದ ಬಂದವ್ರೆ, ಪೇಪರ್‌ನೋರು!”

“ಪೇಪರ್‌ನೋರಾ? ನಾನಿನ್ನೂ ಸತ್ತಿಲ್ಲ ಕಣಮ್ಮಿ, ವೋಗಾಕೆ ಯೇಳು.”

ನೀಲಮ್ಮನ ಹೆಸರೆತ್ತಿದೆ. ಕೈ ನಿಂತಿತು.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. ಒಂದಕ್ಷರ ಸೇರಿಸುವುದಿಲ್ಲ.

“ಯುದ್ಧ ನಡೀತಿದ್ದ ಕಾಲ ಕಣಪ್ಪ. ವಾಂತಿಭೇದಿ ಬಂದಿತ್ತು. ನಾನು ಇಷ್ಟುದ್ದ ಇದ್ದೆ. ರೋಗ ಇರೋ ಊರೋರ್ನ ಯಾರೂ ಒಳೀಕ್ಕೆ ಬಿಟ್ಕಳಂಗಿರ್ಲಿಲ್ಲ. ಬಿಟ್ಕಂಡ್ರೆ ಆ ಮನೇಗೂ ಬೇಲಿ ಆಕೋರು. ಒಂದಿನ ಒಂದು ಎಣ್ಣುಡುಗಿ ಬಂದು ಅವ್ರ ಹೊಸ್ತಿಲ ಮೇಲೆ ಬಿದ್ಲು. ನೀಲಮ್ಮ ಇನ್ನೂ ಹೊಸ ಸೊಸೆ, ಹದ್ನೈದೋ ಹದ್ನಾರೋ. ಆ ಎಣ್ಣುಡುಗೀಗೂ ಅದೇ ವಯಸ್ಸು. ಒಳೀಕ್ಕೆ ಎಳ್ಕಂಡ್ಲು.”

ಹೆಸರೇನು ಎಂದೆ.

“ಕೇಳ್ಲಿಲ್ಲ ಕಣಪ್ಪ! ಅದೇ ನಮ್ಮ ಓಣಿ ರೀತಿ ಆವಾಗ. ಹೆಸ್ರು ಕೇಳಿದ್ರೆ ಊರು ಕೇಳ್ಬೇಕು. ಊರು ಕೇಳಿದ್ರೆ ಬಾಗ್ಲು ಹಾಕ್ಬೇಕು. ಬಾಗ್ಲು ಹಾಕಾಕೆ ಮನಸ್ಸಿಲ್ದೋರು ಹೆಸ್ರೇ ಕೇಳ್ತಿರ್ಲಿಲ್ಲ. ‘ನೀನು ಬಾ, ನೀನು ಕುಡಿ, ನೀನು ಮಲಿಕ್ಕ’, ಅಷ್ಟೇಯ.”

ಹುಣಸೆಬೀಜ ಒಂದನ್ನು ಅತ್ತ ಎಸೆದಳು.

“ಮೂರ್ನೇ ದಿನ ಮಗೀನ ಜೀವ ಹೋಗ್ಬಿಡ್ತು. ಸಾಯೋವಾಗ ತಾನೇ ಹೆಸ್ರೇಳಾಕೆ ಬಾಯಿ ತೆಗೀತಂತೆ. ಹೊರಗೆ ತಳವಾರ ನಿಂತಿದ್ದ. ನೀಲಮ್ಮ ಅದ್ರ ಬಾಯಿ ಮುಚ್ಚಿದ್ಲು, ಅಂಗೈಲಿ. ಕೈ ತೆಗ್ಯೋ ಹೊತ್ಗೆ… ನನ್ ಮದ್ವೆ ದಿನ ನನ್ ತಲೆ ಬಾಚ್ತಾ ಅವ್ಳೇ ಹೇಳಿದ್ಲು. ‘ನರಸಿ, ಆ ಹೆಸ್ರು ನನ್ನ ಅಂಗೈಯಾಗೈತೆ ಕಣೇ’ ಅಂತ ಅತ್ಲು.”

ಗಂಗರಾಜುಗೆ ಫೋನ್ ಮಾಡಿದೆ. ಸಿಗ್ನಲ್ಲಿಗಾಗಿ ಹುಲ್ಲಿನ ಬಣವೆ ಹತ್ತಬೇಕಾಯಿತು. ಜೆಸಿಬಿ ಇವತ್ತು ಬಂದಿದೆಯಂತೆ, ಆ ತುದಿಯಿಂದ ಶುರುವಾಗಿದೆ. ಇವರ ಮನೆ ನಾಳೆ ಬೆಳಿಗ್ಗೆ. ಇವತ್ತು ಇನ್ನು ಬಸ್ಸಿಲ್ಲ.

ಸಂಧ್ಯಾ ಚಾಪೆ ಹಾಸಿಕೊಟ್ಟಳು. ನನ್ನ ಹೆಸರನ್ನು ಈ ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲ.

ನವೆಂಬರ್ 18, ಮಂಗಳವಾರ

ಮಧ್ಯಾಹ್ನಕ್ಕೆ ತಲುಪಿದೆ. ಮನೆ ಇರಲಿಲ್ಲ.

ಮಣ್ಣು, ತೊಲೆ, ಹೆಂಚಿನ ಚೂರು. ಗಿಡ್ಡ ಹೊಸ್ತಿಲ ಕಲ್ಲು ಮಾತ್ರ ಓರೆಯಾಗಿ ಬಿದ್ದಿತ್ತು. ಎದುರು ಜಗಲಿಯ ಮೇಲೆ ಪಂಪಮ್ಮ, ಕೂದಲೆಲ್ಲ ಧೂಳು. ಜೆಸಿಬಿ ಓಡಿಸುವ ಬಾಲರಾಜು ಪಾಪ, “ಪೆದ್ದಮ್ಮಾ, ದುಮ್ಮು ಪಡುತುಂದಿ, ಲೇ ಅಮ್ಮಾ,” ಧೂಳು ಬೀಳುತ್ತದೆ, ಏಳಮ್ಮ ಎಂದು ತೆಲುಗಿನಲ್ಲಿ ಬೇಡುತ್ತಿದ್ದ. ಆಕೆ ಏಳಲಿಲ್ಲ.

ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹುಡುಗಿ, ನೀಲಮ್ಮ, ಅಂಗೈ. ಗಿರಿಜವ್ವ ನಾನು ಕಟ್ಟಿದವಳು ಎಂಬುದನ್ನೂ.

“ಅದು ಗೊತ್ತಿತ್ರಿ. ಹೆಸರು ಹೇಳುವಾಗ ನೀವು ಒಲಿ ಕಡಿ ನೋಡಿದ್ರಿ.” ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, “ನನಗೂ ಹೋಗಬೇಕಾಗಿತ್ರಿ. ಸಾಕಾಗಿತ್ತು.”

ಆಮೇಲೆ ಅಳತೊಡಗಿದಳು. “ಹಂಗಾರ ನಮ್ಮತ್ತಿ ಮರ್ತಿರಲಿಲ್ಲ. ‘ನೀನೂ’ ಅಂತ ಸರಿಯಾಗೇ ಕರೀತಿದ್ರು. ಮುದುಕಿಗೆ ಅರಳು ಮರಳು ಅಂತ ನಾನು ಅಂದ್ಕಂಡೆ.”

ಈಗಲಾದರೂ ಹಾಗೇ ಕರೆಯಿರಿ ಎಂದೆ. ತಲೆಯಾಡಿಸಿದಳು. ಕೆಂಡ ಎತ್ತಿಕೊಂಡು ಹೋದವರು ತಿರುಗಿ ಬಂದು ಕರೆಯುವ ಹಾಗಿಲ್ಲ. ಅವಳ ಹೊಸ್ತಿಲು ಈಗ ಕಾಲನಿಯದು. ಇಲ್ಲಿಂದ ಕರೆದರೆ ಆಗಲೇ ಅಲ್ಲಿಗೆ ಹೋದವರೆಲ್ಲ ಮತ್ತೆ ಹೊರಬಿದ್ದು ದಾರಿಯಲ್ಲಿ ನಿಲ್ಲುತ್ತಾರೆ.

“ಬ್ಯಾರೆ ಯಾರಾರ ಕರೀಬೌದ್ರಿ. ಆದ್ರ ಕರದೋರು ತಮ್ಮ ಮನಿಗೇ ಕರ್ಕಂಡು ಹೋಗಬೇಕು. ನಡುವ ಬಿಡಂಗಿಲ್ಲ. ಅಮಾಸಿಗೆ ದೀಪ ಇಡಬೇಕು, ನೀವಿರೋತನಕ. ನೀವಾದ ಮ್ಯಾಲೆ ಯಾರಿಗಾರ ಹೇಳಿ ಹೋಗಬೇಕು.” ನನ್ನನ್ನೇ ನೋಡಿದಳು. “ನಗಚಾಟಕಿ ಮಾಡಂಗಿದ್ರ ಬ್ಯಾಡ.”

ನಾಳೆ ಹೇಳುತ್ತೇನೆ ಎಂದೆ. ಹೇಡಿ.

ಮನೆಯಲ್ಲಿ ಉಷಾಗೆ ಹೇಳಿದೆ. ದೆವ್ವ, ದೇವರು ಯಾವುದನ್ನೂ ನಂಬದ ಸೈನ್ಸ್ ಟೀಚರು. “ಎಷ್ಟು ವಯಸ್ಸಂತ್ರಿ ಆಕಿಗೆ?”

ಹದಿನೈದೋ ಹದಿನಾರೋ ಎಂದೆ.

“ನನ್ನ ಟೆಂತ್ ಕ್ಲಾಸ್ ಹುಡಿಗ್ಯಾರಷ್ಟು,” ಎಂದು ಪೇಪರು ಮಡಿಸಿಟ್ಟಳು.

ನವೆಂಬರ್ 19, ಬುಧವಾರ

ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನಾಳೆ. ಪಂಪಮ್ಮನ ಲೆಕ್ಕಕ್ಕೆ ಇಂದು ಸಂಜೆಯೇ.

ಬೆಳಿಗ್ಗೆಯೇ ಅವಳಿಗೆ ಹೂಂ ಅಂದಿದ್ದೆ. ಐದೂವರೆಗೆ ಹೋದೆ. ಪಂಪಮ್ಮ ದೂರದಲ್ಲಿ ನಿಂತಿದ್ದಳು, ಹತ್ತಿರ ಬರುವ ಹಾಗಿಲ್ಲ. ಓರೆ ಹೊಸ್ತಿಲಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಎಷ್ಟು ಸಭೆಗಳಲ್ಲಿ ಮಾತಾಡಿದ್ದೇನೆ. ಇಲ್ಲಿ ಎದುರಿಗೆ ಒಂದು ಕಲ್ಲು.

“ನೀನೂ ಬಾ,” ಎಂದೆ. ಸಾಲದೆನಿಸಿತು. “ನೀನೂ ಬಾರವ್ವ. ನಮ್ಮ ಮನಿಗೆ ಹೋಗೂಣು.”

ಬಾಲರಾಜು ಮೇಲಿನಿಂದ ಬಗ್ಗಿ, “ಎವರಿನಿ ಪಿಲುಸ್ತುನ್ನಾರು ಸಾರ್?” ಎಂದ. ಯಾರನ್ನು ಕರೆಯುತ್ತಿದ್ದೀರಿ ಎಂದು. “ಪೇರು ತೆಲೀದಪ್ಪಾ,” ಎಂದೆ, ಹೆಸರು ಗೊತ್ತಿಲ್ಲ ಎಂದು. ಅವನು ಇಂಜಿನ್ ಆರಿಸಿದ.

ಓಗೊಟ್ಟಳೋ? ಬಲಸಾಲಿನಲ್ಲಿ ಮಷಿನ್ನುಗಳು ಎಡೆಬಿಡದೆ ಓಡುತ್ತಿದ್ದವು. ಯಾವುದು ಜೇಬು, ಯಾವುದು ಜಿಪ್ಪು, ಯಾವುದು ಅವಳು… ತಿಳಿಯುವುದು ಹೇಗೆ? ಪಂಪಮ್ಮನ ಕಡೆ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಎಡಕ್ಕೆ, ಸ್ವಲ್ಪ ಕೆಳಗೆ ನೋಡುತ್ತಿದ್ದಳು. ಕೈ ಮುಗಿದಳು.

ತಿರುಗಿ ನೋಡದೆ ನಡೆದೆ. ನಿಧಾನವಾಗಿ — ಬೇನೆ ಬಿದ್ದವಳು, ಸೋತಿರಬಹುದು. ರಸ್ತೆ ದಾಟುವಾಗ ಒಂದು ಲಾರಿ ಹೋಗುವವರೆಗೂ ಕಾದೆ. ಒಬ್ಬನೇ ಆಗಿದ್ದರೆ ಕಾಯುತ್ತಿರಲಿಲ್ಲ. ಹೋಟೆಲಿನ ಮುಂದೆ ರಾಮಾಂಜಿನೇಯ, “ಏನ್ ಸರ, ಒಬ್ರೇ ಹೊಂಟ್ರಿ?” ಎಂದ. ಹೂಂ ಅನ್ನಲಾಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಕೈ ಎತ್ತಿ ಮುಂದೆ ಹೋದೆ.

ಉಷಾ ಬಾಗಿಲಲ್ಲೇ ಇದ್ದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಬ್ಬ ಮನುಷ್ಯನಿಗೆ ಬೇಕಾದ್ದಕ್ಕಿಂತ ಹೆಚ್ಚು ಸರಿದಳು.

ಸಂಪಾದಕರ ಫೋನು ಬಂದಿತ್ತು. ಈ ವಾರದ ಅಂಕಣ ಎಲ್ಲಿ ಎಂದು. ಇಲ್ಲ ಎಂದೆ. ಹುಷಾರಿಲ್ಲವಾ ಎಂದರು. ಮನೆಗೆ ಜನ ಬಂದಿದ್ದಾರೆ ಎಂದೆ. ಬಾಯಿಂದ ಬಂದುಬಿಟ್ಟಿತು. ನಗೆಚಾಟಿಕೆಯಲ್ಲ.

ಏಳು ಗಂಟೆ. ದೀಪ ಇಟ್ಟಾಯಿತು. ಈ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಿಂದಿನ ಕುರ್ಚಿಯ ಮೇಲಿದ್ದ ನನ್ನ ಅಂಗಿಗಳನ್ನೆಲ್ಲ ಯಾಕೋ ತೆಗೆದು ಮಂಚಕ್ಕೆ ಹಾಕಿದೆ. ತಿರುಗಿ ನೋಡಿಲ್ಲ. ನೋಡಬಾರದೆಂದು ಯಾರೂ ಹೇಳಿಲ್ಲ, ಆದರೂ.

ಉಷಾ ಅಡುಗೆಮನೆಯಿಂದ ಕೇಳುತ್ತಿದ್ದಾಳೆ, “ಊಟಕ್ಕ ಎಷ್ಟು ಮಂದಿ ಆದಿವ್ರಿ?” ಎಂದು. ತಮಾಷೆಯ ದನಿಯಲ್ಲ. ಎರಡನೇ ಸಲ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ಆ ಕುರ್ಚಿ ಕಿರ್ರೆಂದಿತು.